ಎಡ ತಿರುವಿಗೆ ಏಳದ ಕೈ

ತೊಂಬತ್ತರ ದಶಕದ ಕೊನೆಯ ಮೂರು ವರ್ಷ ನಾನು ಅರಸೀಕೆರೆಯಿಂದ ಬೇಲೂರಿಗೆ ಓಡುತ್ತಿದ್ದ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಪಿಯುಸಿಯಲ್ಲಿ ಇಂಗ್ಲಿಷ್ ಕೈಕೊಟ್ಟಿತ್ತು. ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವುದಕ್ಕೆ ನಾಚಿಕೆಯಾಗುವ ವಯಸ್ಸು. ಬೆಳಿಗ್ಗೆ ಆರೂವರೆಗೆ ಅರಸೀಕೆರೆ ಬಿಟ್ಟರೆ ಜಾವಗಲ್, ಹಳೇಬೀಡು ಹಾದು ಬೇಲೂರು ಸೇರುವುದು, ಅಲ್ಲಿ ತಿಂಡಿ ತಿಂದು ಅದೇ ದಾರಿಯಲ್ಲಿ ವಾಪಸ್ಸು ಬರುವುದು. ಮಧ್ಯಾಹ್ನ ಮತ್ತೊಂದು ಸುತ್ತು. ಕ್ಲೀನರ್ ಅಂತ ಬೇರೆ ಯಾರೂ ಇರಲಿಲ್ಲ. ಬಸ್ಸಿಗೆ ನಾವಿಬ್ಬರೇ, ಡ್ರೈವರಣ್ಣ ಮತ್ತು ನಾನು.

ಅಣ್ಣನಿಗೆ ಆಗ ನಲವತ್ತೈದರ ಹತ್ತಿರ. ಜಾವಗಲ್ ಕಡೆಯ ಹಳ್ಳಿಯವರು, ಸಂಸಾರ ಮಾತ್ರ ಅರಸೀಕೆರೆಯಲ್ಲಿ. ಮಾತು ಕಡಿಮೆ. ಪ್ರಯಾಣಿಕರ ಜೊತೆ ಹರಟೆ ಹೊಡೆಯುವ ಡ್ರೈವರುಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಹದಿನೇಳು ವರ್ಷದ ಸರ್ವೀಸಿನಲ್ಲಿ ಒಂದು ನಾಯಿಮರಿಯನ್ನೂ ಸಾಯಿಸಿಲ್ಲ ಎಂಬುದು ಅವರ ಬಾಯಲ್ಲಿ ನಾನು ಕೇಳಿದ ಏಕೈಕ ಜಂಬದ ಮಾತು. ಟಿಕೆಟ್ ಹರಿಯುವುದರಿಂದ ಹಿಡಿದು ಕುಡುಕರನ್ನು ನಯವಾಗಿ ಇಳಿಸುವವರೆಗೆ ನನಗೆ ಕೆಲಸ ಕಲಿಸಿದವರು ಅವರೇ.

ಅದು ಜಾವಗಲ್ ಸಂತೆಯ ದಿನ. ಬಸ್ಸಿನ ಟಾಪಿನ ಮೇಲೆ ನಾಲ್ಕೈದು ಚೀಲ ಕೊಬ್ಬರಿ ಇತ್ತು. ಹತ್ತಿ ಹಗ್ಗ ಬಿಚ್ಚಿ ಚೀಲ ಇಳಿಸಿಕೊಡುವುದು ನನ್ನ ಕೆಲಸ. ಹಿಂದಿನ ದಿನ ಸೆಕೆಂಡ್ ಶೋ ಸಿನಿಮಾ ನೋಡಿ ನಿದ್ದೆಗೆಟ್ಟಿದ್ದ ನಾನು, ಮೈ ಬಿಸಿಯಾಗಿದೆ, ಜ್ವರ ಬಂದ ಹಾಗಿದೆ ಎಂದು ಸುಳ್ಳು ಹೇಳಿದ್ದೆ.

"ಸುಮ್ಕೆ ಕೂತ್ಕೊಂಡು ಟೀ ಕುಡಿ. ನಾನೇ ಇಳಿಸ್ತೀನಿ," ಎಂದು ಅಣ್ಣ ಹಿಂದಿನ ಏಣಿ ಹತ್ತಿದರು.

ಚೀಲಗಳೆಲ್ಲ ಇಳಿದವು. ಅಣ್ಣ ಇಳಿಯುವಾಗ ಏಣಿಯ ಮೆಟ್ಟಿಲ ಮೇಲಿಂದ ಕಾಲು ಜಾರಿತು. ಬಲಗೈ ಮಾತ್ರ ಮೇಲಿನ ಕಂಬಿ ಹಿಡಿದಿತ್ತು. ಇಡೀ ಮೈಯ ಭಾರ ಆ ಒಂದು ಕೈಯಲ್ಲಿ ಜಗ್ಗಿ ನಿಂತಿದ್ದನ್ನು ನಾನು ಟೀ ಅಂಗಡಿಯ ಬೆಂಚಿನಿಂದ ನೋಡಿದೆ. ಒಂದೆರಡು ಕ್ಷಣ, ಅಷ್ಟೆ. ಆಮೇಲೆ ಕೈ ಬಿಟ್ಟು ನೆಲಕ್ಕೆ ಹಾರಿದರು. ಓಡಿಹೋದೆ.

"ಏನಾಯ್ತಣ್ಣ?"

"ಏನಿಲ್ಲ ಬಿಡು. ಭುಜದೊಳಗೆ ಚಟ್ ಅಂತು. ನರ ಗಿರ ಎಳ್ದಿರ್ಬೇಕು," ಎಂದು ತೋಳು ನೀವಿಕೊಂಡು ಸೀಟಿಗೆ ಹತ್ತಿದರು. ಅವತ್ತು ಬೇಲೂರಿನವರೆಗೂ ಓಡಿಸಿದರು, ವಾಪಸ್ಸೂ ಬಂದರು.

ನಮ್ಮ ಕಡೆ ಚರ್ಮದ ಕೆಳಗೆ ದಾರದ ಹಾಗೆ ಏನಿದ್ದರೂ ಅದು ನರವೇ. ನರ ಎಳೆದರೆ ಎಣ್ಣೆ ಹಾಕಿ ನೀವಬೇಕು, ಎರಡು ದಿನ ಬಿಸಿನೀರು ಹುಯ್ಯಬೇಕು, ಹೋಗುತ್ತದೆ. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಎರಡು ದಿನವಲ್ಲ, ಹದಿನೈದು ದಿನ ಹಾಗೆ ಮಾಡಿದರು. ನೋವು ಹೋಗಲಿಲ್ಲ.

ಅದು ಬರೀ ನೋವಲ್ಲ ಎಂದು ನನಗೆ ಗೊತ್ತಾದದ್ದು ಒಂದು ಸಣ್ಣ ಸಂಗತಿಯಿಂದ. ಬಸ್ಸಿನ ಮುಂದಿನ ಗಾಜಿನ ಮೇಲ್ಗಡೆ ಒಂದು ದೇವರ ಪಟವಿತ್ತು. ದಿನಾ ಬೆಳಿಗ್ಗೆ ಅದಕ್ಕೆ ಒಂದು ಮೊಳ ಹೂವು ಹಾಕಿಯೇ ಅಣ್ಣ ಚಾವಿ ತಿರುಗಿಸುತ್ತಿದ್ದದ್ದು. ಆ ಕೆಲಸವನ್ನು ನನಗೆ ಯಾವತ್ತೂ ಬಿಟ್ಟವರಲ್ಲ. ಒಂದು ಬೆಳಿಗ್ಗೆ ಹೂವಿನ ಪೊಟ್ಟಣವನ್ನು ನನ್ನ ಕಡೆ ಚಾಚಿ, "ನೀನೇ ಹಾಕ್ಲಾ," ಎಂದರು. ಮುಖ ಆಚೆ ತಿರುಗಿಸಿದ್ದರು. ಮಾರನೆಯ ದಿನವೂ ಹಾಗೇ. ನಾನು ಗಮನವಿಟ್ಟು ನೋಡತೊಡಗಿದೆ. ತಲೆಯನ್ನು ಎಡಗೈಯಲ್ಲಿ ಬಾಚುತ್ತಿದ್ದರು. ಶರಟಿನ ಬಲತೋಳನ್ನು ಮೊದಲು ಏರಿಸಿಕೊಂಡು ಆಮೇಲೆ ಎಡತೋಳು ಹಾಕುತ್ತಿದ್ದರು. ಬಲಗೈ ಸೊಂಟದ ಮಟ್ಟದಲ್ಲಿ ಎಲ್ಲ ಕೆಲಸವನ್ನೂ ಮಾಡುತ್ತಿತ್ತು. ಎದೆಯ ಮಟ್ಟ ದಾಟಿ ಮೇಲೇಳುತ್ತಿರಲಿಲ್ಲ.

ಅರಸೀಕೆರೆಯಲ್ಲಿ ಒಬ್ಬ ಡಾಕ್ಟರ ಬಳಿ ನಾನೇ ಕರೆದುಕೊಂಡು ಹೋದೆ. ಎಕ್ಸ್‌ರೇ ತೆಗೆಸಿದರು. ಮೂಳೆ ಮುರಿದಿಲ್ಲ, ಭುಜ ಹಿಡಿದುಕೊಂಡಿರಬಹುದು ಎಂದರು. ಮಾತ್ರೆ ಕೊಟ್ಟು, ಮೂರು ವಾರ ಬಸ್ಸು ಮುಟ್ಟಬೇಡಿ, ಕಡಿಮೆಯಾಗದಿದ್ದರೆ ಹಾಸನಕ್ಕೆ ಹೋಗಿ ತೋರಿಸಿ ಎಂದು ಎರಡು ಸಲ ಹೇಳಿದರು. ಅಣ್ಣ ತಲೆಯಾಡಿಸಿದರು. ಎರಡೇ ದಿನ ಮನೆಯಲ್ಲಿದ್ದದ್ದು. ಆ ಎರಡು ದಿನ ಬದಲಿ ಡ್ರೈವರ್ ಒಬ್ಬ ಬಂದಿದ್ದ, ಚುರುಕಿನ ಹುಡುಗ. ಅವನು ಸೀಟಿನಲ್ಲಿ ಕೂತದ್ದನ್ನು ನೋಡಿದ ಮೇಲೆ ಅಣ್ಣ ಮನೆಯಲ್ಲಿ ನಿಲ್ಲಲಿಲ್ಲ.

"ಮೂರು ವಾರ ಮನೇಲಿ ಕೂತ್ರೆ ಆ ಸೀಟು ಅವನ್ದೇ ಆಯ್ತದೆ," ಎಂದರು.

ನೋವು ತಡೆಯಲಾರದೆ ಮತ್ತೆ ಡಾಕ್ಟರ ಬಳಿ ಹೋಗಿ ಭುಜಕ್ಕೆ ಒಂದು ಇಂಜೆಕ್ಷನ್ ಹಾಕಿಸಿಕೊಂಡರು. ಅದು ಮಂತ್ರ ಹಾಕಿದ ಹಾಗೆ ಕೆಲಸ ಮಾಡಿತು. ಮೂರು ವಾರ ಅಣ್ಣ ಹಳೇ ಅಣ್ಣನೇ ಆಗಿದ್ದರು. ನೋವಿಲ್ಲ ಎಂದ ಮೇಲೆ ವಾಸಿಯಾಯಿತು ಎಂದೇ ನಾವಿಬ್ಬರೂ ತಿಳಿದೆವು. ಹಳೇಬೀಡಿನಲ್ಲಿ ಒಂದು ದಿನ ಟೈರು ಪಂಕ್ಚರ್ ಆದಾಗ ನಾನು ಬೇಡವೆಂದರೂ ಕೇಳದೆ ಸ್ಪಾನರಿಗೆ ಪೈಪು ಸಿಕ್ಕಿಸಿ ಎರಡೂ ಕೈಯಲ್ಲಿ ಜಗ್ಗಿ ನಟ್ಟು ಬಿಚ್ಚಿದರು. ಆ ವಾರದ ಕೊನೆಗೆ ಇಂಜೆಕ್ಷನ್ನಿನ ಗುಣ ಇಳಿಯಿತು. ಕೈ ಮೊದಲಿಗಿಂತ ಕೆಟ್ಟಿತು. ಈಗ ಅದು ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ.

ಬಸ್ಸು ಓಡಿಸುವುದಕ್ಕೂ ಭುಜಕ್ಕೂ ಇರುವ ಸಂಬಂಧ ನನಗೆ ಗೊತ್ತಾದದ್ದು ಆಗಲೇ. ಆ ಕಾಲದ ಬಸ್ಸಿನ ಸ್ಟೇರಿಂಗ್ ಎಂದರೆ ಬಾವಿಯ ರಾಟೆಯ ಹಾಗೆ, ಮೈ ಬಗ್ಗಿಸಿ ಎಳೆಯಬೇಕು. ಬಲಕ್ಕೆ ತಿರುಗಿಸುವಾಗ ಬಲಗೈ ಕೆಳಕ್ಕೆ ಎಳೆದರೆ ಸಾಕು, ಭುಜ ಏಳಬೇಕಿಲ್ಲ. ಎಡಕ್ಕೆ ತಿರುಗಿಸುವಾಗ ಬಲಗೈ ಮೇಲೆದ್ದು ಚಕ್ರದ ನೆತ್ತಿಯ ಮೇಲಿಂದ ತಳ್ಳಬೇಕು. ಎಡಗೈಯೊಂದರಲ್ಲೇ ಎಳೆದು ನಿಭಾಯಿಸಬಹುದು, ಆದರೆ ಗೇರು ಹಾಕುವುದೂ ಅದೇ ಎಡಗೈ. ಗೇರು ಇಳಿಸಿಕೊಂಡು ಎಡಕ್ಕೆ ತಿರುಗಬೇಕಾದ ಕಡೆ ಅಣ್ಣನಿಗೆ ಒಂದು ಕೈ ಕಡಿಮೆ ಬೀಳುತ್ತಿತ್ತು. ನಮ್ಮ ದಾರಿಯಲ್ಲಿ ಅಂಥ ತಿರುವು ಹೋಗುವಾಗ ಆರು, ಬರುವಾಗ ಐದು.

ಒಂದು ದಿನ ಎದುರಿನ ಕನ್ನಡಿಯಲ್ಲಿ ನಾನು ಕಂಡದ್ದು ಇದು. ಅಣ್ಣ ಎಡಗೈಯಿಂದ ತಮ್ಮ ಬಲಗೈಯ ಮಣಿಕಟ್ಟನ್ನು ಹಿಡಿದು, ಅದನ್ನು ಎತ್ತಿ, ಯಾವುದೋ ಸಾಮಾನನ್ನು ಅಟ್ಟಕ್ಕೆ ಇಡುವ ಹಾಗೆ ಸ್ಟೇರಿಂಗಿನ ಮೇಲೆ ಇಟ್ಟರು. ಆ ಒಂದು ಕ್ಷಣ ಅರವತ್ತು ಜನ ತುಂಬಿದ್ದ ಬಸ್ಸಿನ ಚಕ್ರವನ್ನು ಯಾರೂ ಹಿಡಿದಿರಲಿಲ್ಲ.

ಬೇಲೂರಿನಲ್ಲಿ ಜನ ಇಳಿದ ಮೇಲೆ ಕೇಳಿದೆ. "ಅಣ್ಣ, ಹಿಂಗಾದ್ರೆ ಹೆಂಗೆ?"

"ಯಾರಿಗಾದ್ರೂ ಹೇಳೀಯ."

"ಹೇಳಲ್ಲ. ಆದ್ರೆ ನನಗೆ ಭಯ ಆಯ್ತದೆ."

ಚಾವಿ ಜೇಬಿಗೆ ಹಾಕಿಕೊಂಡು, "ನೀನು ಎಂಜಿನ್ ಬಾಕ್ಸ್ ಮೇಲೆ ಕೂತ್ಕೊ. ನಾನು ಕ್ಲಚ್ ತುಳೀತೀನಿ, ಹೇಳ್ದಾಗ ಗೇರು ನೀನು ಹಾಕು," ಎಂದರು.

ಹಾಗೆ ಶುರುವಾಯಿತು. ತಿರುವು ಹತ್ತಿರ ಬರುವಾಗ ನಾನು ಟಿಕೆಟ್ ಹರಿಯುವುದನ್ನು ಬಿಟ್ಟು ಮುಂದೆ ಬಂದು ಕೂರುತ್ತಿದ್ದೆ. "ಥರ್ಡ್," ಎನ್ನುತ್ತಿದ್ದರು ಮೆಲ್ಲಗೆ. ಹಾಕುತ್ತಿದ್ದೆ. "ಸೆಕೆಂಡ್." ಅವರು ಎಡಗೈಯಿಂದ ಸ್ಟೇರಿಂಗನ್ನು ತುಂಡು ತುಂಡಾಗಿ ಎಳೆದು ತಿರುಗಿಸುತ್ತಿದ್ದರು. ಮುಂದಿನ ಸೀಟಿನ ಖಾಯಂ ಪ್ರಯಾಣಿಕರು, "ಹುಡುಗನಿಗೆ ಡ್ರೈವಿಂಗ್ ಕಲಿಸ್ತಾವ್ರೆ," ಎಂದು ಮಾತಾಡಿಕೊಂಡು ನಗುತ್ತಿದ್ದರು. ನಾನೂ ನಕ್ಕಂತೆ ಮಾಡುತ್ತಿದ್ದೆ.

ಯಾಕೆ ಬಾಯಿ ಬಿಡಲಿಲ್ಲ ಎಂದು ಆಮೇಲೆ ಹಲವರು ಕೇಳಿದ್ದಾರೆ. ಆ ಏಣಿ ಹತ್ತಬೇಕಾದವನು ನಾನು. ನನ್ನ ಸುಳ್ಳು ಜ್ವರಕ್ಕೆ ಅವರ ಕೈ ಹೋಗಿತ್ತು. ಕೈ ಹೋದವರ ಕೆಲಸವನ್ನೂ ನಾನೇ ಕಳೆಯುವುದೇ? ಈ ಲೆಕ್ಕಾಚಾರದಲ್ಲಿ ಬಸ್ಸಿನೊಳಗೆ ಕೂತವರನ್ನು ನಾನು ಸೇರಿಸಿಕೊಂಡಿರಲಿಲ್ಲ.

ಜನವರಿ ಬಂತು. ಹುರುಳಿ ಕಿತ್ತು ರಸ್ತೆಯ ಮೇಲೆ ಹರಡುವ ಕಾಲ. ಬಸ್ಸು ಲಾರಿಗಳು ಹಾದು ಹೋದರೆ ಕಾಳು ತಾನೇ ಬಿಡಿಸಿಕೊಳ್ಳುತ್ತದೆ ಎಂದು ರೈತರು ಹಾಗೆ ಮಾಡುತ್ತಾರೆ. ಚಕ್ರದ ಕೆಳಗೆ ಅದು ಎಣ್ಣೆ ಚೆಲ್ಲಿದ ಹಾಗೆ ಜಾರುತ್ತದೆ. ಬೇಲೂರಿನಿಂದ ವಾಪಸ್ಸು ಬರುತ್ತಿದ್ದೆವು. ಹಳೇಬೀಡಿನಲ್ಲಿ ಜನ ಸಿಕ್ಕಾಪಟ್ಟೆ ಹತ್ತಿದ್ದರಿಂದ ನಾನು ಹಿಂದಿನ ಬಾಗಿಲ ಬಳಿ ಸಿಕ್ಕಿಹಾಕಿಕೊಂಡಿದ್ದೆ. ಊರು ದಾಟಿ ಎರಡು ಮೈಲಿ ಹೋದರೆ ಎಡಕ್ಕೆ ಒಂದು ತಿರುವು. ಅಲ್ಲಿಗೆ ಮುಂಚೆ ಮುಂದೆ ಹೋಗಿ ಸೇರಬೇಕು ಎಂದು ಜನರ ನಡುವೆ ನುಗ್ಗುತ್ತಿದ್ದೆ. ಆಗಲಿಲ್ಲ.

ತಿರುವಿನಲ್ಲಿ ರಸ್ತೆ ತುಂಬ ಹುರುಳಿ. ಎಡಗಡೆ ಒಬ್ಬ ಹೆಂಗಸು ನಮಗೆ ಬೆನ್ನು ಹಾಕಿ ಬಗ್ಗಿ ಕಾಳು ಗುಡಿಸುತ್ತಿದ್ದಳು. ಅಣ್ಣ ಬಲಕ್ಕೆ ಎಳೆದು ಅವಳನ್ನು ತಪ್ಪಿಸಿದರು. ಬಲಕ್ಕೆ ತಾನೇ, ಕೈ ಬಂತು. ಆದರೆ ಕೂಡಲೇ ಎಡಕ್ಕೆ ಹೊರಳಿಸಬೇಕಿತ್ತು, ಗೇರೂ ಇಳಿಸಬೇಕಿತ್ತು. ಜನರ ತಲೆಗಳ ಮೇಲಿಂದ ನನಗೆ ಅವರ ಬಲ ಮೊಣಕೈ ಕಾಣಿಸಿತು. ಅದು ಅರ್ಧಕ್ಕೆ ಎದ್ದು, ನಡುಗಿ, ಬಿದ್ದುಹೋಯಿತು.

ಬಸ್ಸು ನೇರವಾಗಿ ರಸ್ತೆ ಬಿಟ್ಟು ಇಳಿಯಿತು. ಕಿರುಚಾಟ, ಗಾಜಿನ ಸದ್ದು, ಮೈಮೇಲೆ ಮೈ ಬಿದ್ದದ್ದು. ರಾಗಿ ಕೊಯ್ದ ಹೊಲದ ಬದುವಿಗೆ ಮೂತಿ ಒತ್ತಿ, ಒಂದು ಕಡೆ ವಾಲಿ ನಿಂತಿತು. ಆ ಬದು ಇಲ್ಲದಿದ್ದರೆ ಮುಂದೆ ಆಳದ ಹಳ್ಳವಿತ್ತು.

ಯಾರೂ ಸಾಯಲಿಲ್ಲ. ಒಬ್ಬ ಮುದುಕರ ತುಟಿ ಒಡೆದಿತ್ತು, ಕಾಲೇಜು ಹುಡುಗಿಯೊಬ್ಬಳ ಹಣೆ ಊದಿತ್ತು, ಉಳಿದವರಿಗೆ ತರಚು ಗಾಯ. ಕಾಳು ಗುಡಿಸುತ್ತಿದ್ದ ಹೆಂಗಸು ಪೊರಕೆ ಬಿಸಾಕಿ ಓಡಿ ಬಂದಳು.

"ನಿನ್ ಕೈ ತಣ್ಗಿರ್ಲಿ ಕಣಪ್ಪ, ನನ್ ಜೀವ ಉಳಿಸ್ಬುಟ್ಟೆ!" ಎಂದು ಡ್ರೈವರ್ ಬಾಗಿಲ ಕೆಳಗೆ ನಿಂತು ಕೈ ಮುಗಿದಳು.

ಅವಳ ಮಾತು ಕೇಳಿ ಉಳಿದವರೂ ಹಾಗೇ ಮಾತಾಡಿದರು. ಬೇರೆ ಡ್ರೈವರ್ ಆಗಿದ್ದರೆ ಅವಳ ಮೇಲೆ ಹತ್ತಿಸುತ್ತಿದ್ದ, ಇವರು ಹೊಲಕ್ಕೆ ಇಳಿಸಿ ಉಳಿಸಿದರು ಎಂದರು. ಅಣ್ಣ ಸೀಟಿನಲ್ಲೇ ಕೂತಿದ್ದರು. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಅವರು ನನ್ನನ್ನೇ ನೋಡುತ್ತಿದ್ದರು.

ಪಕ್ಕದ ಹೊಲದ ಟ್ರ್ಯಾಕ್ಟರ್ ತಂದು ಬಸ್ಸನ್ನು ಹಿಂದಕ್ಕೆ ಎಳೆದದ್ದಾಯಿತು. ಒಂದು ಕಿಟಕಿಯ ಗಾಜು, ಮುಂದಿನ ಬಂಪರ್ ಬಿಟ್ಟರೆ ಏನೂ ಆಗಿರಲಿಲ್ಲ. ಎಂಜಿನ್ ಸ್ಟಾರ್ಟ್ ಆಯಿತು. ಜನ ಒಬ್ಬೊಬ್ಬರಾಗಿ ಹತ್ತಿದರು. ನಾನು ಕೆಳಗೇ ನಿಂತಿದ್ದೆ.

"ರೈಟ್ ಹೇಳ್ಲಾ," ಎಂದು ಅಣ್ಣ ಕಿಟಕಿಯಿಂದ ಕೂಗಿದರು.

ನಾನು ಬದುವಿನ ಆಚೆಯ ಹಳ್ಳವನ್ನೇ ನೋಡುತ್ತಿದ್ದೆ.

"ಕಿವಿ ಕೇಳಿಸ್ಲಿಲ್ವ? ರೈಟ್ ಹೇಳು, ಹೊತ್ತಾಯ್ತು."

ಡ್ರೈವರ್ ಬಾಗಿಲ ಹತ್ತಿರ ಹೋದೆ. "ಇಳೀರಣ್ಣ," ಎಂದೆ, ಯಾರಿಗೂ ಕೇಳಿಸದ ಹಾಗೆ. "ನಾನು ರೈಟ್ ಹೇಳಲ್ಲ."

"ಏನಂದೆ?"

"ನೀವು ಇನ್ನು ಓಡಿಸ್ಬೇಡಿ. ಇಳೀರಿ."

ಅವರ ಕಣ್ಣು ಕೆಂಪಾಯಿತು. "ನನ್ ಹೊಟ್ಟೆ ಮೇಲೆ ಹೊಡೀತಿದ್ದೀಯೇನ್ಲಾ? ನಾನು ಸಾಕಿ ಕಲಿಸ್ದೋನು, ನನಗೇ..."

"ಬದು ಇಲ್ದೆ ಇದ್ದಿದ್ರೆ ಏನಾಯ್ತಿತ್ತು, ಹೇಳಿ."

ನನ್ನನ್ನು ದುರುಗುಟ್ಟಿ ನೋಡಿದರು. ಬಸ್ಸಿನೊಳಗಿನಿಂದ ಜನ, "ಯಾಕ್ರೀ ನಿಂತಿದ್ದೀರಿ?" ಎಂದು ಕೂಗುತ್ತಿದ್ದರು. ಕೊನೆಗೆ ಅಣ್ಣ ಎಡಗೈಯಲ್ಲಿ ಚಾವಿ ತಿರುಗಿಸಿ ಎಂಜಿನ್ ಆಫ್ ಮಾಡಿದರು. ಬ್ರೇಕ್ ಹಿಡಿಯುತ್ತಿಲ್ಲ, ಈ ಬಸ್ಸು ಮುಂದಕ್ಕೆ ಹೋಗುವುದಿಲ್ಲ ಎಂದು ನಾನು ಜನರಿಗೆ ಹೇಳಿದೆ. ಅದೂ ಸುಳ್ಳೇ. ಹಿಂದೆ ಬಂದ ಬಸ್ಸಿಗೆ ಎಲ್ಲರನ್ನೂ ಹತ್ತಿಸಿದೆ. ಬದಲಿ ಡ್ರೈವರ್ ಬರುವವರೆಗೆ ಮೂರು ಗಂಟೆ ನಾವಿಬ್ಬರೂ ಆ ಬದುವಿನ ಎರಡು ತುದಿಗೆ ಕೂತಿದ್ದೆವು.

ಅವತ್ತೇ ಬಸ್ಸಿನ ಮಾಲೀಕರ ಮನೆಗೆ ಹೋಗಿ ಗೇರಿನ ವಿಷಯವನ್ನೂ ಸೇರಿಸಿ ಎಲ್ಲ ಹೇಳಿದೆ. ನನ್ನನ್ನೂ ತೆಗೆದುಹಾಕುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿಯ ಕೈ ಹಿಡಿದು ಕೂತರು.

"ಮೂರು ತಿಂಗ್ಳು ಇಬ್ರೂ ಸೇರಿ ಜನಾನ ಹಿಂಗೆ ಕರ್ಕೊಂಡು ಓಡಾಡಿದ್ರಾ?" ಎಂದರು. ಆಮೇಲೆ, "ಮೊದ್ಲು ಅವನನ್ನ ಹಾಸನಕ್ಕೆ ಕರ್ಕೊಂಡೋಗಿ ತೋರ್ಸು. ಬೈಯೋದು ಆಮೇಲೆ ಬೈತೀನಿ."

ಹಾಸನದ ಮೂಳೆ ಡಾಕ್ಟರು ಸಣಕಲು ಮನುಷ್ಯ, ಅವಸರವಿಲ್ಲದವರು. ಅಣ್ಣನ ಶರಟು ಬಿಚ್ಚಿಸಿ ಹಿಂದೆ ನಿಂತು ಎರಡು ಭುಜಗಳನ್ನೂ ನೋಡಿದರು. ಬಲಭುಜದ ಹಿಂಭಾಗದಲ್ಲಿ ಮಾಂಸ ಬತ್ತಿ ಗುಳಿ ಬಿದ್ದಿದ್ದನ್ನು ನಾನು ಮೊದಲ ಸಲ ನೋಡಿದೆ. ಕೈ ಎತ್ತಿ ಎಂದರು. ಎದೆಯ ಕೆಳಗೇ ನಿಂತಿತು, ಜೊತೆಗೆ ಭುಜವೆಲ್ಲ ಕಿವಿಯ ಕಡೆ ಏರಿತು. ಆಮೇಲೆ ತಾವೇ ಆ ಕೈಯನ್ನು ಹಿಡಿದು ನಿಧಾನಕ್ಕೆ ಎತ್ತಿದರು. ನೋವೆಂದು ಅಣ್ಣ ಹಲ್ಲು ಕಚ್ಚಿದರೂ ಕೈ ತಲೆಯ ಮೇಲಿನವರೆಗೂ ಹೋಯಿತು.

"ಈಗ ಭುಜದ ಮಟ್ಟಕ್ಕೆ ತರ್ತೀನಿ. ನಾನು ಬಿಟ್ಟ ಮೇಲೆ ಅಲ್ಲೇ ಹಿಡ್ಕೊಳ್ಳಿ."

ಬಿಟ್ಟರು. ಕೈ ದೊಪ್ಪನೆ ಬಿತ್ತು.

"ಹಿಡ್ಕೊಂಡಿರೋ ಭುಜ ಆಗಿದ್ರೆ ನಾನು ಎತ್ತಿದ್ರೂ ಏಳ್ತಿರಲಿಲ್ಲ," ಎಂದರು ಡಾಕ್ಟರು. "ಇದು ನಾನು ಎತ್ತಿದ್ರೆ ಏಳುತ್ತೆ, ನೀವು ಎತ್ತಿದ್ರೆ ಏಳಲ್ಲ. ಅಂದ್ರೆ ಕೀಲು ಚೆನ್ನಾಗಿದೆ, ಎತ್ತೋ ಹಗ್ಗ ಹರಿದಿದೆ."

"ನರ ಕಟ್ಟಾಗೈತಾ ಸಾರ್?" ಎಂದು ನಾನು ಕೇಳಿದೆ.

"ನರ ಅಲ್ಲಪ್ಪ. ನರ ಸುದ್ದಿ ತಗೊಂಡು ಹೋಗೋದು. ಇದು ಮಾಂಸಖಂಡವನ್ನ ಮೂಳೆಗೆ ಕಟ್ಟೋದು. ಪುಸ್ತಕದಲ್ಲಿ ಸ್ನಾಯುರಜ್ಜು ಅಂತಾರೆ." ತಮ್ಮ ಎಡಗೈಯನ್ನು ಮುಷ್ಟಿ ಮಾಡಿ ಅದರ ಮೇಲೆ ಬಲಗೈಯ ನಾಲ್ಕು ಬೆರಳನ್ನು ಹೊದಿಸಿ ತೋರಿಸಿದರು. "ತೋಳಿನ ಮೂಳೆ ತಲೆ ಹೀಗೆ ದುಂಡಗೆ ಇರುತ್ತೆ. ನಾಲ್ಕು ಕಡೆಯಿಂದ ನಾಲ್ಕು ಹಗ್ಗ ಬಂದು ಅದನ್ನ ಹೀಗೆ ಹಿಡ್ಕೊಂಡಿರ್ತವೆ. ನಿಮಗೆ ಮೇಲಿನದು ಹೋಗಿದೆ. ಏಣಿಯಲ್ಲಿ ಜಾರಿ ಜೋತುಬಿದ್ದಾಗ ಸ್ವಲ್ಪ ಹರಿದಿರಬೇಕು. ಇಂಜೆಕ್ಷನ್ ತಗೊಂಡು, ನೋವಿಲ್ಲ ಅಂತ ದುಡಿಸಿದ್ದೀರಿ, ಪೂರ್ತಿ ಹರಿದಿದೆ. ಎಕ್ಸ್‌ರೇಲಿ ಮೂಳೆ ಕಾಣುತ್ತೆ, ಇದು ಕಾಣಲ್ಲ."

ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವಂಥ ಒಂದು ಔಷಧಿಯನ್ನು ಭುಜದ ಕೀಲಿಗೆ ಚುಚ್ಚಿ ಮತ್ತೆ ಎಕ್ಸ್‌ರೇ ತೆಗೆಸಿದರು. ಕೀಲಿನೊಳಗೇ ನಿಲ್ಲಬೇಕಾದ ಔಷಧಿ ಮೇಲಕ್ಕೆ ಸೋರಿ ಬಿಳಿಯ ಮಚ್ಚೆಯಾಗಿ ಕಂಡಿತು. ಸೋರಿದ್ದು ಹರಿದ ಜಾಗದಿಂದ.

"ತಾನಾಗೇ ಕೂಡ್ಕೊಳ್ಳಲ್ವ ಸಾರ್?" ಅಣ್ಣ ಆ ದಿನ ಆಡಿದ ಮೊದಲ ಮಾತು ಅದು.

"ಸ್ವಲ್ಪವೇ ಹರಿದಿದ್ರೆ ಆಪರೇಷನ್ ಬೇಡ, ವ್ಯಾಯಾಮದಲ್ಲೇ ಸುಧಾರಿಸಬಹುದು ಅಂತಿದ್ದೆ. ಇದು ಪೂರ್ತಿ ಬಿಟ್ಟಿದೆ. ಬಿಟ್ಟ ತುದಿ ಹಿಂದಕ್ಕೆ ಎಳ್ಕೊಂಡು ಹೋಗ್ತಾ ಇರುತ್ತೆ, ಮಾಂಸ ಬತ್ತುತ್ತೆ. ಇನ್ನೂ ತಡ ಮಾಡಿದ್ರೆ ಎಳೆದು ತಂದ್ರೂ ಮೂಳೆ ತನಕ ಬರಲ್ಲ. ಈಗಲೂ ಬರುತ್ತೆ ಅಂತ ಖಾತ್ರಿ ಕೊಡೋಕಾಗಲ್ಲ, ತೆರೆದು ನೋಡಿದಾಗಲೇ ಗೊತ್ತಾಗೋದು." ಮೈಸೂರಿನ ಒಬ್ಬ ಸರ್ಜನ್‌ಗೆ ಚೀಟಿ ಬರೆದುಕೊಟ್ಟರು.

ಹೊರಗಿನ ಬೆಂಚಿನ ಮೇಲೆ ಕೂತಾಗ ನನಗೆ ತಡೆಯಲಾಗಲಿಲ್ಲ. "ಅಣ್ಣ, ಅವತ್ತು ನನಗೆ ಜ್ವರ ಇರಲಿಲ್ಲ," ಎಂದೆ. "ಸಿನಿಮಾ ನೋಡಿ ನಿದ್ದೆ ಕೆಟ್ಟಿದ್ದೆ. ಸುಳ್ಳು ಹೇಳ್ದೆ."

ಅಣ್ಣ ನನ್ನ ಕಡೆ ತಿರುಗಲಿಲ್ಲ. "ಅದನ್ನ ಈಗ್ಯಾಕೆ ಹೇಳ್ದೆ?" ಎಂದರು. ಎದ್ದು ಹೋಗಿ ದೂರದ ಇನ್ನೊಂದು ಬೆಂಚಿನ ಮೇಲೆ ಕೂತರು. ಬಸ್ಸಿನಲ್ಲಿ ವಾಪಸ್ಸು ಬರುವಾಗಲೂ ಬೇರೆ ಸೀಟು.

ಮೈಸೂರಿಗೆ ಅಣ್ಣ, ಅತ್ತಿಗೆ ಇಬ್ಬರೇ ಹೋಗುವುದೆಂದು ನಿಶ್ಚಯವಾಗಿತ್ತು. ಹಿಂದಿನ ದಿನ ಅತ್ತಿಗೆ ನಮ್ಮ ಮನೆಗೇ ಬಂದರು. "ಅವರು ಏನಾದ್ರೂ ಅಂದ್ಕೊಳ್ಳಲಿ ತಮ್ಮ, ನನಗೆ ಆ ಊರು ಗೊತ್ತಿಲ್ಲ, ನೀನು ಬಾ," ಎಂದರು. ಹೋದೆ. ಆಪರೇಷನ್ ನಡೆಯುವಾಗ ನಾವಿಬ್ಬರೂ ಕಾರಿಡಾರಿನಲ್ಲಿ ನಿಂತಿದ್ದೆವು. ಎರಡು ಗಂಟೆ ಎಂದಿದ್ದರು. ಎರಡೂವರೆ ಆಯಿತು, ಮೂರಾಯಿತು. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. "ಹಗ್ಗ ಮುಟ್ತೋ ಇಲ್ವೋ?" ಎಂದು ಒಂದೇ ಪ್ರಶ್ನೆಯನ್ನು ನನ್ನನ್ನು ಹತ್ತು ಸಲ ಕೇಳಿದರು.

ಸರ್ಜನ್ ಹೊರಗೆ ಬಂದು ಟೋಪಿ ತೆಗೆದರು. "ಬಂತು. ಕಷ್ಟಪಟ್ಟು ಬಂತು," ಎಂದರು. ಮೂಳೆಗೆ ಸಣ್ಣ ತೂತು ಕೊರೆದು, ಹರಿದ ತುದಿಯನ್ನು ದಪ್ಪ ದಾರದಿಂದ ಅದಕ್ಕೆ ಹೊಲಿದಿದ್ದರು. "ಆದ್ರೆ ಅಂಚು ತೆಳುವಾಗಿದೆಯಮ್ಮ. ಈಗ ಹಿಡಿದಿರೋದು ದಾರ ಮಾತ್ರ. ಅದು ಮೂಳೆಗೆ ಕಚ್ಚಿಕೊಳ್ಳೋಕೆ ಆರು ವಾರ ಬೇಕು. ಅಷ್ಟು ದಿನ ಅವರು ಆ ಕೈಯನ್ನ ಸ್ವಂತ ಬಲದಿಂದ ಎತ್ತಬಾರದು. ಒಂದೇ ಒಂದು ಸಲಾನೂ ಎತ್ತಬಾರದು. ಹಾಗಂತ ಅಲ್ಲಾಡಿಸದೇ ಇಟ್ರೂ ಕೀಲು ಬಿಗಿದುಹೋಗುತ್ತೆ. ಬೇರೆಯವರು ಎತ್ತಿ ಇಳಿಸಬೇಕು."

ಆ ಬೇರೆಯವರು ನಾನಾದೆ. ಅತ್ತಿಗೆ ಎತ್ತಲು ಹೋದರೆ ಅಣ್ಣ ನೋವಿಗೆ ಗದರುತ್ತಿದ್ದರು, ಅವರು ಹೆದರಿ ಅರ್ಧಕ್ಕೇ ಬಿಡುತ್ತಿದ್ದರು. ಬಸ್ಸು ಮಧ್ಯಾಹ್ನ ಅರಸೀಕೆರೆಯಲ್ಲಿ ನಿಂತಾಗ ನಾನು ಊಟ ಮುಗಿಸಿ ಅವರ ಮನೆಗೆ ಹೋಗುತ್ತಿದ್ದೆ. ಅಣ್ಣ ಚಾಪೆಯ ಮೇಲೆ ಮಲಗಿರುತ್ತಿದ್ದರು, ಪಟ್ಟಿಯಿಂದ ಕೈ ಕಟ್ಟಿಕೊಂಡು, ಕಂಕುಳಲ್ಲಿ ಸಣ್ಣ ದಿಂಬು ಇಟ್ಟುಕೊಂಡು. ನಾನು ಪಟ್ಟಿ ಬಿಚ್ಚಿ, ಮಣಿಕಟ್ಟನ್ನೂ ಮೊಣಕೈಯನ್ನೂ ಹಿಡಿದು, ಮೈಸೂರಿನಲ್ಲಿ ತೋರಿಸಿಕೊಟ್ಟ ಹಾಗೆ ನಿಧಾನವಾಗಿ ಎತ್ತಿ ಇಳಿಸುತ್ತಿದ್ದೆ. ಆಮೇಲೆ ಅವರು ಮುಂದಕ್ಕೆ ಬಗ್ಗಿ ನಿಂತು ಕೈಯನ್ನು ಜೋತುಬಿಟ್ಟು ಗಡಿಯಾರದ ಲೋಲಕದ ಹಾಗೆ ತೂಗಿಸಬೇಕಿತ್ತು. ಇಷ್ಟೂ ಹೊತ್ತು ಅವರು ನನ್ನ ಮುಖ ನೋಡುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ನೋವಾದರೆ ಎಡಗೈಯಿಂದ ಚಾಪೆಯನ್ನು ತಟ್ಟುತ್ತಿದ್ದರು, ನಾನು ನಿಲ್ಲಿಸುತ್ತಿದ್ದೆ. ನನ್ನ ಕೈಯಲ್ಲಿ ಬಿಟ್ಟುಕೊಟ್ಟ ಆ ತೋಳು ಎಷ್ಟು ಭಾರ ಎಂದು ನನಗೆ ಪ್ರತಿದಿನ ಆಶ್ಚರ್ಯವಾಗುತ್ತಿತ್ತು. ಎಲ್ಲಿ ನನ್ನ ಕೈ ತಪ್ಪಿ, ಒಳಗಿನ ದಾರ ಕಿತ್ತುಬರುತ್ತದೋ ಎಂದು ಹೆದರುತ್ತಲೇ ಎತ್ತುತ್ತಿದ್ದೆ.

ಐದನೆಯ ವಾರ ಒಂದು ಮಧ್ಯಾಹ್ನ ಹೋದಾಗ ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು, ಅಳು ಮುಖ. ಒಳಗೆ ಅಣ್ಣ ಗೋಡೆಗೆ ಒರಗಿ ಕೂತಿದ್ದರು. ಪಟ್ಟಿ ಬಿಚ್ಚಿ ಪಕ್ಕಕ್ಕೆ ಬಿದ್ದಿತ್ತು.

"ಏನು ಮಾಡ್ಕೊಂಡ್ರಿ?"

ಅಣ್ಣ ನೆಲ ನೋಡುತ್ತ ಹೇಳಿದರು. "ಎತ್ತಕ್ಕಾಯ್ತದಾ ಅಂತ ನೋಡ್ದೆ ಕಣ್ಲಾ. ಒಂದೇ ಸಲ. ಒಳಗೆ ಏನೋ ಕಿತ್ತಂಗಾಯ್ತು."

ಎರಡು ತಿಂಗಳಲ್ಲಿ ನನ್ನ ಜೊತೆ ಅವರು ಆಡಿದ ಮೊದಲ ಮಾತು. ಸಂತೋಷಪಡುವ ಹೊತ್ತಲ್ಲ. ಪಟ್ಟಿ ಕಟ್ಟಿ, ಮಧ್ಯಾಹ್ನದ ಟ್ರಿಪ್ಪಿಗೆ ಬೇರೆಯವರನ್ನು ಗೊತ್ತು ಮಾಡಿ, ಆ ಗಳಿಗೆಯೇ ಮೈಸೂರಿಗೆ ಹೊರಟೆವು. ದಾರಿಯಲ್ಲಿ ಬಸ್ಸು ಪ್ರತಿ ಸಲ ಕುಲುಕಿದಾಗಲೂ ನಾನು ಅವರ ಮೊಣಕೈಗೆ ಅಂಗೈ ಆನಿಸಿ ಹಿಡಿದಿದ್ದೆ. ಚನ್ನರಾಯಪಟ್ಟಣ ದಾಟಿದ ಮೇಲೆ ಅವರೇ ಮಾತು ತೆಗೆದರು.

"ಇದು ಕಿತ್ತೋಗಿದ್ರೆ ಮತ್ತೆ ಹೊಲಿಯಕ್ಕಾಗಲ್ಲ ಅಂದಿದ್ರಲ್ವ?"

"ಕಷ್ಟ ಅಂದಿದ್ರು."

"ನೀನು ರೈಟ್ ಹೇಳ್ದೆ ನಿಂತ್ಯಲ್ಲ, ಅವತ್ತು ನಿನ್ನ ಕೊಂದಾಕ್ಬೇಕು ಅನ್ನುಸ್ತು. ಹೊಲದ ಬದುವಿನ ಮೇಲೆ ಕೂತಿದ್ದಾಗ ಆ ಕಾಲೇಜು ಹುಡ್ಗಿ ಹಣೆ ಕಣ್ಮುಂದೆ ಬಂತು. ನನ್ ಮಗಳ ವಯಸ್ಸು." ಕಿಟಕಿಯ ಕಡೆ ತಿರುಗಿ, "ನಿನ್ ಜ್ವರದ ವಿಷ್ಯ ಬೇರೆ. ಅದಕ್ಕೆ ಇನ್ನೂ ಸಿಟ್ಟೈತೆ," ಎಂದರು.

"ಇರ್ಲಿ ಬಿಡಿ ಅಣ್ಣ," ಎಂದೆ.

ಸರ್ಜನ್ ಅರ್ಧ ಗಂಟೆ ಪರೀಕ್ಷೆ ಮಾಡಿದರು. ಕೈಯನ್ನು ಒಂದೊಂದು ಕೋನದಲ್ಲಿ ಹಿಡಿದು ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿದರು. ನಾವಿಬ್ಬರೂ ಅವರ ಮುಖವನ್ನೇ ಓದುತ್ತಿದ್ದೆವು. "ಹೊಲಿಗೆ ಹಿಡಿದಿದೆ," ಎಂದರು ಕೊನೆಗೆ. "ಕಿತ್ತ ಹಾಗಾಗಿದ್ದು ಒಳಗೆ ಅಂಟಿಕೊಂಡಿದ್ದ ಪೊರೆ ಬಿಟ್ಟಿದ್ದಿರಬೇಕು. ದೇವರು ದೊಡ್ಡವನು. ಇನ್ನೊಂದು ಸಲ ನನ್ನ ಕೆಲಸವನ್ನ ಹೀಗೆ ಪರೀಕ್ಷೆ ಮಾಡಬೇಡಿ." ಅಣ್ಣ ಕೂತಲ್ಲೇ ಕಣ್ಣು ಮುಚ್ಚಿಕೊಂಡರು.

ಆರು ವಾರ ಕಳೆದ ಮೇಲೆ ಸ್ವಂತವಾಗಿ ಎತ್ತಲು ಬಿಟ್ಟರು. ಬಾಗಿಲ ಮೇಲಿನ ಕಂಬಿಗೆ ಒಂದು ಸಣ್ಣ ರಾಟೆ ಕಟ್ಟಿ, ಹಗ್ಗ ಹಾಯಿಸಿ, ಎಡಗೈಯಿಂದ ಎಳೆದು ಬಲಗೈ ಏರಿಸುವುದು. ಗೋಡೆಯ ಮೇಲೆ ಬೆರಳು ನಡೆಸುವುದು. ಅತ್ತಿಗೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ದಿನಾ ಒಂದು ಗೀಟು ಎಳೆಯುತ್ತಿದ್ದರು. ಕೆಲವು ವಾರ ಗೀಟು ಒಂದರ ಮೇಲೊಂದು ಅಲ್ಲೇ ಬೀಳುತ್ತಿತ್ತು, ಒಂದೆರಡು ಸಲ ಕೆಳಕ್ಕೂ ಇಳಿಯಿತು. ಮೂರು ತಿಂಗಳಿಗೆ ಕೈ ಹಣೆಯವರೆಗೆ ಬಂತು. ಆಮೇಲೆ ಬಲ ಬರುವ ವ್ಯಾಯಾಮ, ಮೊದಲು ಕಾಲು ಕೆಜಿ ಮರಳಿನ ಚೀಲ, ಆಮೇಲೆ ಅರ್ಧ ಕೆಜಿ. ಹದಿನೇಳು ವರ್ಷ ಆ ಸ್ಟೇರಿಂಗ್ ಎಳೆದ ಮನುಷ್ಯ ಅರ್ಧ ಕೆಜಿ ಮರಳು ಎತ್ತಿ ಬೆವರು ಒರೆಸಿಕೊಳ್ಳುತ್ತಿದ್ದರು.

ಎಂಟನೆಯ ತಿಂಗಳಲ್ಲಿ ಮಾಲೀಕರು ಶೆಡ್ಡಿಗೆ ಬರಹೇಳಿದರು. ಖಾಲಿ ಬಸ್ಸು, ಖಾಲಿ ಅಂಗಳ. ಬೇಕಾದರೆ ಒಂದು ಸುತ್ತು ಹಾಕಿ ನೋಡು ಎಂದರು. ಅಣ್ಣ ಹತ್ತಿ ಕೂತರು. ನಾನು ಕೆಳಗೆ ಮಾಲೀಕರ ಪಕ್ಕ ನಿಂತಿದ್ದೆ. ಬಲಕ್ಕೊಂದು ಸುತ್ತು ಸಲೀಸಾಗಿ ಬಂತು. ಎಡಕ್ಕೆ ತಿರುಗಿಸುವಾಗ ನನಗೆ ಅವರ ಮೊಣಕೈ ಕಾಣಿಸಿತು. ಎದ್ದಿತು. ಚಕ್ರದ ನೆತ್ತಿ ಮುಟ್ಟಿತು, ತಳ್ಳಿತು, ಬಸ್ಸು ತಿರುಗಿತು. ಮಾಲೀಕರು, "ಆಯ್ತಲ್ಲ!" ಎಂದರು. ಅಣ್ಣ ಇನ್ನೊಂದು ಸಲ ತಿರುಗಿಸಿದರು, ಮತ್ತೊಂದು ಸಲ. ನಾಲ್ಕನೆಯ ಸಲಕ್ಕೆ ತೋಳು ನಡುಗುವುದು ನಾನಿದ್ದ ಕಡೆಗೂ ಕಾಣುತ್ತಿತ್ತು. ಅಂಗಳದ ನಡುವೆಯೇ ನಿಲ್ಲಿಸಿ ಇಳಿದು ಬಂದರು.

"ಖಾಲಿ ಬಸ್ಸಿಗೆ ಆಯ್ತದೆ ಸಾಹುಕಾರ್ರೆ," ಎಂದರು. "ಜನ ತುಂಬ್ಕೊಂಡು ದಿನವೆಲ್ಲ ಓಡ್ಸಕ್ಕಾಗಲ್ಲ. ನೀವು ಆ ಬದಲಿ ಡ್ರೈವರ್ ಹುಡುಗನ್ನೇ ಇಟ್ಕೊಳ್ಳಿ."

ಚಾವಿಯನ್ನು ಮಾಲೀಕರ ಕೈಗೆ ಕೊಟ್ಟರು. ಯಾರೂ ಬಲವಂತ ಮಾಡಲಿಲ್ಲ. ಮನೆಯವರೆಗೆ ಅವರ ಜೊತೆ ನಡೆದೆ. ದಾರಿಯಲ್ಲಿ ತೆಂಗಿನಕಾಯಿ ಲಾರಿಯೊಂದು ಎದುರಾಗಿ ನಾವಿಬ್ಬರೂ ಚರಂಡಿಯ ಪಕ್ಕಕ್ಕೆ ಸರಿದು ನಿಂತೆವು. ಅವರು ಆ ಡ್ರೈವರನ ಕೈಗಳನ್ನೇ ನೋಡುತ್ತಿದ್ದರು.

ಮಾರನೆಯ ವರ್ಷ ಅಣ್ಣ ಒಂದು ಹಳೆಯ ವ್ಯಾನು ಹಿಡಿದು ಅರಸೀಕೆರೆಯಲ್ಲಿ ಸ್ಕೂಲು ಮಕ್ಕಳನ್ನು ಬಿಟ್ಟು ಕರೆತರುವ ಕೆಲಸ ಶುರು ಮಾಡಿದರು. ಅದರ ಸ್ಟೇರಿಂಗ್ ಹಗುರ, ದೂರವೂ ಕಡಿಮೆ. ನಾನು ಬಸ್ಸು ಬಿಟ್ಟು ಒಂದು ಕಚೇರಿಯಲ್ಲಿ ಅಟೆಂಡರ್ ಕೆಲಸಕ್ಕೆ ಸೇರಿದೆ. ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗಿ ಬರುತ್ತಿದ್ದೆವು. ಚಳಿಗಾಲದಲ್ಲಿ ಆ ಭುಜ ಹಿಡಿಯುತ್ತದೆ, ಭಾರ ಎತ್ತಲು ಆಗುವುದಿಲ್ಲ ಎನ್ನುತ್ತಿದ್ದರು. ಉಳಿದಂತೆ ಎಲ್ಲ ಕೆಲಸಕ್ಕೂ ಬಂತು.

ಅದಾಗಿ ನಾಲ್ಕೈದು ವರ್ಷದ ಮೇಲೆ ಒಂದು ಬೆಳಿಗ್ಗೆ ಕಚೇರಿಗೆ ಫೋನು ಬಂತು. ಅಣ್ಣ.

"ಎಡಭುಜ ನೋಯ್ತಾ ಐತೆ ಕಣ್ಲಾ, ಮೂರು ದಿನ ಆಯ್ತು. ವ್ಯಾನಿಗೆ ಬೇರೆಯವರನ್ನ ಗೊತ್ತು ಮಾಡಿದ್ದೀನಿ. ನಾಳೆ ರಜಾ ಹಾಕು, ಹಾಸನಕ್ಕೆ ಹೋಗನ."

ಹೋದೆವು. ಅದೇ ಡಾಕ್ಟರು, ಕೂದಲು ಬೆಳ್ಳಗಾಗಿತ್ತು. ಎಡಗೈಯನ್ನು ಭುಜದ ಮಟ್ಟಕ್ಕೆ ಎತ್ತಿ ಬಿಟ್ಟರು. ಕೈ ಅಲ್ಲೇ ನಿಂತಿತು. ಹರಿದಿಲ್ಲ, ಬರೀ ಊತ, ಬಲಗೈಯ ಕೆಲಸವನ್ನೂ ಇದೇ ಮಾಡಿ ದಣಿದಿದೆ, ಆರು ವಾರ ವಿಶ್ರಾಂತಿ, ಆಮೇಲೆ ವ್ಯಾಯಾಮ ಎಂದರು. ಅಣ್ಣ ಆರು ವಾರವನ್ನೂ ಪೂರ್ತಿ ಮನೆಯಲ್ಲೇ ಕಳೆದರು.